ಬುಟ್ಟಿಗೊಂದು ಮೋಟಾರು

ಮೂವತ್ತಾರು ವರ್ಷ ಕೈರೋದ ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟು ರಿಪೇರಿ ಮಾಡಿದ ಮೆತ್ವಲ್ಲಿ ಎಂಬಾತ ಇದ್ದದ್ದು ಲಿಫ್ಟೇ ಇಲ್ಲದ ಮನೆಯಲ್ಲಿ. ಶುಬ್ರಾ ಬಡಾವಣೆಯ ಹಳೇ ಕಟ್ಟಡ, ನಾಲ್ಕನೇ ಮಹಡಿ, ಎಂಬತ್ತೆಂಟು ಮೆಟ್ಟಿಲು. ಇದನ್ನು ಹೇಳಿ ನಕ್ಕು ನಕ್ಕು ಬೀದಿಯವರಿಗೇ ಬೇಜಾರಾಗಿತ್ತು. ಅವನಿಗೆ ಮಾತ್ರ ಪ್ರತಿ ಸಲವೂ ಮೈ ಉರಿಯುತ್ತಿತ್ತು.

ಹೆಂಡತಿ ಇನ್ಸಾಫ್ ಸಾಮಾನಿಗಾಗಿ ಮೆಟ್ಟಿಲಿಳಿದವಳೇ ಅಲ್ಲ. ಶುಬ್ರಾದಲ್ಲಿ ಯಾರು ತಾನೇ ಇಳಿಯುತ್ತಾರೆ? ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಬಿಟ್ಟು, ಕೆಳಗಿನ ಅಂಗಡಿಯ ಬಯೂಮಿಯನ್ನು ಕೂಗಿದರೆ ಆಯಿತು. ಅವನು ಟೊಮೇಟೊವೋ ರೊಟ್ಟಿಯೋ ಬೆಳಗಿನ ಫೂಲ್ ಕಾಳೋ ತುಂಬುತ್ತಾನೆ, ಇವಳು ಎಳೆದುಕೊಳ್ಳುತ್ತಾಳೆ. ಒಂದು ಈರುಳ್ಳಿ ಮರೆತರೆ ಮತ್ತೆ ಬುಟ್ಟಿ. ದಿನಕ್ಕೆ ಆರೇಳು ಸಲ, ಮದುವೆಯಾಗಿ ಬಂದಂದಿನಿಂದ. ಎಳೆದೂ ಎಳೆದೂ ಈ ಚಳಿಗಾಲದಲ್ಲಿ ಬಲಭುಜ ಹಿಡಿದುಕೊಂಡಿತು. ತಲೆ ಬಾಚಿಕೊಳ್ಳಲೂ ಕೈ ಮೇಲೇಳದು. ಇನ್ನು ಹಗ್ಗ ಮುಟ್ಟಿದರೆ ಈ ಕೈ ಆಸೆ ಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದರು. ಇನ್ಸಾಫ್ ಹೂಂ ಹೂಂ ಎಂದು ತಲೆಯಾಡಿಸಿ ಮನೆಗೆ ಬಂದಳು. ಬಂದವಳೇ ಬುಟ್ಟಿ ಇಳಿಬಿಟ್ಟಳು.

ಮೆತ್ವಲ್ಲಿಗೆ ರೇಗಿಹೋಯಿತು. ಊರವರನ್ನೆಲ್ಲ ಮೇಲಕ್ಕೆತ್ತಿದವನಿಗೆ ಹೆಂಡತಿಯ ಒಂದು ಬುಟ್ಟಿ ಎತ್ತಲಾಗದೇ? ಗುಜರಿಯಿಂದ ಬಟ್ಟೆ ಒಗೆಯುವ ಯಂತ್ರದ ಮೋಟಾರು ತಂದ. ಒಂದು ಗುಂಡಿ ಒತ್ತಿದರೆ ಬುಟ್ಟಿ ಇಳಿಯಬೇಕು, ಇನ್ನೊಂದು ಒತ್ತಿದರೆ ಏರಬೇಕು, ಬಾಲ್ಕನಿ ಮುಟ್ಟಿದಾಗ ತಾನಾಗಿಯೇ ನಿಲ್ಲಬೇಕು. ಒಂದು ಶುಕ್ರವಾರದ ಕೆಲಸ ಅಂದುಕೊಂಡಿದ್ದ. ಏಳು ಶುಕ್ರವಾರ ಹಿಡಿಯಿತು.

ಮೊದಲ ಸಲ ಬುಟ್ಟಿ ಬಾಣದ ಹಾಗೆ ಬಂದು ಕಂಬಿಗೆ ಬಡಿಯಿತು. ಡಜನ್ ಮೊಟ್ಟೆ ಎರಡನೇ ಮಹಡಿಯ ಉಮ್ ಗಲಾಲ್ ಒಣಹಾಕಿದ್ದ ಹಾಸಿಗೆ ಬಟ್ಟೆಯ ಮೇಲೆ. ವೇಗ ತಗ್ಗಿಸಿದರೆ ಬಿಸಿ ರೊಟ್ಟಿ ಮೇಲೆ ಬರುವಷ್ಟರಲ್ಲಿ ಆರಿ ಕೂತಿತು. ಅದನ್ನು ಸರಿಪಡಿಸಿದ ಮೇಲೆ ಇನ್ನೊಂದು ತಾಪತ್ರಯ. ಮೇಲೆ ಹೋಗುವ ಬುಟ್ಟಿಯನ್ನು ತಡೆದು ಒಂದು ತಟ್ಟೆ ಅಡುಗೆ ಇಟ್ಟು ಕಳಿಸುವುದು ಉಮ್ ಗಲಾಲ್‌ಳ ರೂಢಿ. ಮೋಟಾರಿಗೆ ರೂಢಿ ಏನು ಗೊತ್ತು! ಆಕೆಯ ಕೈಯಿಂದ ತಟ್ಟೆ ಕಿತ್ತುಕೊಂಡು ಬೀದಿಗೆ ಎಸೆಯಿತು. ಹಿಡಿದರೆ ನಿಲ್ಲುವ ಹಾಗೆ ಮಾಡಿಕೊಟ್ಟ. ಆಮೇಲೆ ಅದು ಗಾಳಿಗೆ ಗೋಡೆ ತಾಕಿದರೂ ನಿಲ್ಲತೊಡಗಿತು. ಮೂರನೇ ಮಹಡಿಯ ಮಟ್ಟದಲ್ಲಿ ನೇತಾಡುವ ತನ್ನ ಟೊಮೇಟೊಗಳನ್ನು ನೋಡುತ್ತ ಮೆತ್ವಲ್ಲಿ ಮೋಟಾರಿನ ಅಪ್ಪನಿಂದ ಹಿಡಿದು ಅಜ್ಜನವರೆಗೂ ಬೈದ. ಕೆಳಗೆ ಬಯೂಮಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ.

ಕೊನೆಗೂ ಸರಿಹೋಯಿತು. ಇನ್ಸಾಫ್ ಭೇಷ್ ಎಂದಳು, ಮೋಟಾರಿಗೊಂದು ಬಟ್ಟೆ ಹೊದಿಸಿದಳು. ವಾರ ಕಳೆದು ಒಂದು ಮಧ್ಯಾಹ್ನ ಅವನು ಬೇಗ ಬಂದು ಬೀದಿಯಿಂದ ಕತ್ತೆತ್ತಿ ನೋಡುತ್ತಾನೆ, ಹೊದಿಸಿದ ಬಟ್ಟೆ ಹೊದಿಸಿದಂತೆಯೇ ಇದೆ, ಇವಳು ತುಟಿ ಕಚ್ಚಿಕೊಂಡು ಹಗ್ಗ ಎಳೆಯುತ್ತಿದ್ದಾಳೆ. ಎಂಬತ್ತೆಂಟು ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದ.

"ಏಳು ವಾರ ನಾನು ಮಣ್ಣು ತಿಂದ್ನಾ ಇಲ್ಲಿ ಕೂತು?"

"ಕೂಗಾಡ್ಬೇಡ ಉಸ್ತಾ," ಎಂದಳು. ಮೇಸ್ತ್ರಿ ಎಂದು ಬೀದಿಯೆಲ್ಲ ಕರೆಯುವ ಹೆಸರು, ಅವಳ ಬಾಯಲ್ಲಿ ಯಾವಾಗಲೂ ಅರ್ಧ ಗೇಲಿ. "ನಿನ್ನ ಮೋಟಾರು ಏನು ಕೊಟ್ರೂ ಎತ್ತತ್ತೆ. ಎಷ್ಟು ಕೊಟ್ರು ಅಂತ ಹೇಳತ್ತಾ?"

ಅವಳ ಕೈಯೇ ತಕ್ಕಡಿ. ಬಯೂಮಿಯ ಅಪ್ಪನ ಕಾಲದಲ್ಲಿ ಕಿಲೋ ಯಾವತ್ತೂ ಕಿಲೋ ಆಗಿದ್ದಿಲ್ಲ. ಹಗ್ಗ ಹಿಡಿದ ಕೂಡಲೇ ತಿಳಿದು ಅರ್ಧದಿಂದಲೇ ಬುಟ್ಟಿ ವಾಪಸು ಇಳಿಸಿದವಳು ಇವಳು. ಮಗ ಹಾಗಲ್ಲವಂತೆ. ಎರಡು ವರ್ಷದಿಂದಂತೂ ಇವಳ ನರೆಗೂದಲಿಗೆ ಮರ್ಯಾದೆ ಕೊಟ್ಟು ಒಂದು ಹಿಡಿ ಜಾಸ್ತಿಯೇ ಹಾಕುತ್ತಾನಂತೆ. ಮೇಲೆ ತೂಗುವ ಕೈ ಇಲ್ಲ ಅಂತ ಗೊತ್ತಾದರೆ ಅವನೂ ಅಪ್ಪನ ದಾರಿ ಹಿಡಿಯುತ್ತಾನೆ ಎಂಬುದು ಅವಳ ವಾದ.

ಇದೊಂದು ಬಾಕಿ ಇತ್ತು ಎಂದು ಗೊಣಗುತ್ತ ಮೆತ್ವಲ್ಲಿ ಮೀನಿನವರು ಹಿಡಿಯುವ ಕೊಕ್ಕೆ ತಕ್ಕಡಿ ತಂದು, ಬುಟ್ಟಿಯ ತೂಕ ಕಳೆದು, ಹಗ್ಗಕ್ಕೆ ಸಿಕ್ಕಿಸಿದ. ಮುಳ್ಳು ಕಣ್ಣೆದುರಿಗೇ. ಒಂದು ಕಿಲೋ ಟೊಮೇಟೊ ಬಂತು. ಮುಳ್ಳು ಸರಿಯಾಗಿ ಒಂದರ ಮೇಲೆ ನಿಂತಿತು. ಇನ್ಸಾಫ್ ಹುಬ್ಬು ಗಂಟಿಕ್ಕಿದಳು. ಕಾಳು ತರಿಸಿದಳು, ಈರುಳ್ಳಿ ತರಿಸಿದಳು. ಅದೂ ಒಂದು, ಇದೂ ಒಂದು. ತಕ್ಕಡಿ ಸುಳ್ಳು ಎಂದಳು. ಆಮೇಲೆ ಬಾಲ್ಕನಿಯಿಂದ ಬಗ್ಗಿ, ಇಷ್ಟು ದಿನ ಹಾಕುತ್ತಿದ್ದ ಆ ಒಂದು ಹಿಡಿಯನ್ನು ಈಗ ಯಾಕೆ ನಿಲ್ಲಿಸಿದೆ ಎಂದು ಬಯೂಮಿಯನ್ನೇ ಕೇಳಿದಳು.

ಅವನಿಗೆ ಅರ್ಥವಾಗಲಿಲ್ಲ. "ಒಂದು ಹಿಡೀನಾ? ನಾನು ನಮ್ಮಪ್ಪನ ಮಗ ಹಾಜ್ಜಾ ಅಮ್ಮ. ಒಂದು ಕಾಳು ಜಾಸ್ತಿ ಹಾಕಿದ್ರೂ ನನಗೆ ಊಟ ಸೇರಲ್ಲ."

ಅವಳು ನಂಬಲಿಲ್ಲ. ಅಂಗಡಿಯ ಕಬ್ಬಿಣದ ಒಂದು ಕಿಲೋ ತೂಕದ ಬಟ್ಟನ್ನು, ಸರಕಾರದ ಮುದ್ರೆ ಇರುವುದನ್ನು, ಬುಟ್ಟಿಯಲ್ಲಿಡಲು ಹೇಳಿದಳು. ಬೇಡ ಬೇಡ ಎಂದರೂ ಕೇಳದೆ ಬಲಗೈಯಲ್ಲೇ ಹಗ್ಗ ಹಿಡಿದು ಒಂದು ಮಾರು ಎಳೆದಳು.

"ಇದು ಎರಡು ಕಿಲೋ ಇದೆ," ಎಂದಳು.

ಮೆತ್ವಲ್ಲಿಗೆ ತನ್ನ ಮೇಲೇ ಅಸಹ್ಯವಾಯಿತು. ಲಿಫ್ಟು ಏದುಸಿರು ಬಿಡುತ್ತಿದೆ, ಜನ ಜಾಸ್ತಿ ಹತ್ತುತ್ತಿದ್ದಾರೆ ಎಂದು ದೂರುವ ಆಫೀಸಿನವರಿಗೆ ಅವನು ಮೂವತ್ತಾರು ವರ್ಷದಿಂದ ಹೇಳುತ್ತ ಬಂದದ್ದು ಒಂದೇ ಮಾತು: ಜನ ಅಷ್ಟೇ ಇದ್ದಾರೆ ಸ್ವಾಮಿ, ಮೋಟಾರು ಸೋತಿದೆ. ಎರಡು ವರ್ಷ ಊಟಕ್ಕೆ ಕೂತಾಗಲೆಲ್ಲ ಅವಳು ಬಯೂಮಿ ಇವತ್ತೂ ಜಾಸ್ತಿ ಹಾಕಿದ ಎನ್ನುತ್ತಿದ್ದಳು. ಒಳ್ಳೆಯ ಹುಡುಗ ಎಂದು ಇವನು ರೊಟ್ಟಿ ಅಗಿಯುತ್ತಿದ್ದ.

"ಭಾರ ಅಂತ ಎರಡು ವರ್ಷದಿಂದ ಹೇಳ್ತಾನೇ ಇದ್ದೆ ನೀನು," ಎಂದ.

"ಭಾರ ಅಂತ ಯಾವಾಗ ಅಂದೆ? ಬಯೂಮಿ ಒಳ್ಳೆಯವನು ಅಂದೆ."

ಹಗ್ಗ ಬಿಟ್ಟು, ಮೋಟಾರಿನ ಮೇಲಿನ ಬಟ್ಟೆ ತೆಗೆದು ಮಡಚಿಟ್ಟು, ಎಡಗೈಯಲ್ಲಿ ಗುಂಡಿ ಒತ್ತಿದಳು. ತೂಕದ ಬಟ್ಟು ಮೇಲೆ ಬಂತು, ಸರಿಯಾಗಿ ಒಂದು ಕಿಲೋ.