ಹಿನ್ನೀರಿನ ದಂಡೆಯ ಕಾರಂಜಿ

ಬಾಗಲಕೋಟೆಯ ಹಿನ್ನೀರಿನ ದಂಡೆಯಲ್ಲಿರುವ ಉದ್ಯಾನಕ್ಕೆ ಒಂದು ಕಾರಂಜಿ ಮಾಡಿಸಿಕೊಡುತ್ತೇನೆಂದು ನನ್ನ ಸೋದರತ್ತೆ ಹೇಳಿದಾಗ ಮನೆಯವರೆಲ್ಲ ನಕ್ಕೆವು. ದವಾಖಾನೆಯಲ್ಲಿ ನರ್ಸ್ ಆಗಿದ್ದ ಅವಳು ಆಗಷ್ಟೇ ನಿವೃತ್ತಳಾಗಿದ್ದಳು. ಮದುವೆಯಾಗಿರಲಿಲ್ಲ. ಮುಳುಗಡೆಯಾದ ಹಳೆಯ ಊರಿನಲ್ಲಿ ಅವಳು ಹೆರಿಗೆ ಮಾಡಿಸದ ಮನೆ ಇರಲಿಲ್ಲವೆಂದು ನನ್ನ ತಂದೆ ಹೇಳುತ್ತಿದ್ದರು.

"ಎದುರಿಗೇ ಸಮುದ್ರದಂಥಾ ನೀರೈತಿ. ಅದರ ಮುಂದ ಕಾರಂಜಿ ಯಾಕ, ಅತ್ತಿ?" ಎಂದೆ ನಾನು.

"ಆ ನೀರಿನ ತಳದಾಗ ನಮ್ಮ ಓಣಿ ಐತಿ. ಅದನ್ನ ನೋಡಿದ್ರ ಎದಿ ಭಾರ ಆಗ್ತೈತಿ. ಕುಣಿಯೋ ನೀರು ನೋಡಬೇಕನಸ್ತೈತಿ ನನಗ," ಎಂದಳು.

ನಾನು ಮತ್ತೆ ನಗಲಿಲ್ಲ.

ಆಗ ನಾನು ಹುನಗುಂದದಲ್ಲಿ ಶಿಕ್ಷಕಿ. ಒಂದು ರವಿವಾರ ಅವಳು ಬಾಗಲಕೋಟೆಯಿಂದ ಬಂದ ಬಸ್ಸನ್ನು ನಾನು ಹುನಗುಂದದಲ್ಲಿ ಹತ್ತಿದೆ. ಇಬ್ಬರೂ ಇಳಕಲ್ಲಿಗೆ ಹೋಗಿ ಕೆಂಪು ಕಲ್ಲು ನೋಡಿದೆವು. ಕಲ್ಲಿನ ಕೆಲಸದವರು ಕನ್ನಡಿಯಂತೆ ಹೊಳೆಯುವ ಹಲಗೆಯೊಂದನ್ನು ತೋರಿಸಿದರು. ಅತ್ತೆ ಬಾಟಲಿಯ ನೀರನ್ನು ಅದರ ಮೇಲೆ ಸುರಿದು, ಚಪ್ಪಲಿ ಕಳಚಿ, ಪಾದ ಇಟ್ಟು ನೋಡಿದಳು.

"ಜಾರ್ತೈತ್ರಿ. ಪಾಲಿಶ್ ಬ್ಯಾಡ."

"ಆತ್ರಿ ಬಾಯಾರ. ಹೆಸರು ಏನಂತ ಕೆತ್ತಲಿ?"

ಅವಳು ನನ್ನ ಪೆನ್ನು ತೆಗೆದುಕೊಂಡು ಚೀಟಿಯಲ್ಲಿ ಬರೆದದ್ದು ಇಷ್ಟೇ: 'ಕಲ್ಲು ಒದ್ದೆ ಇರುತ್ತದೆ. ಮಕ್ಕಳ ಕೈ ಹಿಡಿದುಕೊಳ್ಳಿ.'

ಕಾರಂಜಿ ಎರಡು ಬೇಸಿಗೆ ಚೆನ್ನಾಗಿ ಚಿಮ್ಮಿತು. ದಿನವೂ ಸಂಜೆ ಅತ್ತೆ ಅದರ ಎದುರಿನ ಬೆಂಚಿನಲ್ಲಿ ಕೂರುತ್ತಿದ್ದಳು. ಆಮೇಲೆ ಮೋಟರ್ ಸುಟ್ಟಿತು. ರಿಪೇರಿ ಮಾಡಿಸಿ ಎಂದು ಕೇಳಲು ಅವಳು ಎಷ್ಟೋ ಸಲ ನಗರಸಭೆಗೆ ಅಲೆದಳು. "ಮಾಡಸ್ತೀವ್ರಿ, ನರ್ಸಬಾಯಾರ," ಎನ್ನುತ್ತಿದ್ದರು ಅಲ್ಲಿಯವರು. ಯಾರೂ ಕೆಟ್ಟ ಮಾತಾಡಲಿಲ್ಲ, ಕೆಲಸವನ್ನೂ ಮಾಡಲಿಲ್ಲ. ತೊಟ್ಟಿಯಲ್ಲಿ ಒಣ ಎಲೆ, ಗಿರ್ಮಿಟ್ ತಿಂದು ಎಸೆದ ಕಾಗದ ತುಂಬಿದವು. ಅತ್ತೆ ಉದ್ಯಾನಕ್ಕೆ ಹೋಗುವುದನ್ನೇ ಬಿಟ್ಟಳು. ಕೊಟ್ಟದ್ದು ಹಾಳಾಗುವುದನ್ನು ಕಣ್ಣಾರೆ ನೋಡುವ ಸಂಕಟ ಎಂಥದೆಂದು ನನಗೆ ಆಗ ತಿಳಿಯಿತು. ಆದರೂ ನಾನು ಸಮಾಧಾನ ಹೇಳಿದೆನೇ ಹೊರತು ಜೊತೆಗೆ ಅಲೆಯಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಮುಂದಿನ ಬೇಸಿಗೆಯ ರಜೆಯಲ್ಲಿ ನಾನೊಬ್ಬಳೇ ಬೆಳಿಗ್ಗೆ ಆ ಕಡೆ ನಡೆದೆ. ಮೋಟರ್ ಸುಟ್ಟ ಮೇಲೆ ಉದ್ಯಾನದ ಬಾಗಿಲಿಗೆ ಗಿರ್ಮಿಟ್ ಮಾರಲು ಬಂದಿದ್ದ ಹೆಂಗಸು ಕೊಡದಿಂದ ತೊಟ್ಟಿಗೆ ನೀರು ಸುರಿಯುತ್ತಿದ್ದಳು. ಸುತ್ತ ನೀರು ಕುಡಿಯಲು ಬಂದ ಗೊರವಂಕ, ಗುಬ್ಬಿಗಳ ಗದ್ದಲ.

"ನನ್ನ ಗಿರಾಕಿಗಳ ಕಾಗದ ಇದರಾಗ ಬೀಳ್ತಿದ್ವು. ನಾಚಿಕಿ ಆಗಿ ಬಳದೆ. ಬಳದ ಮ್ಯಾಲ ಬರೇ ಬಿಡೂದು ಹೆಂಗ್ರಿ?" ಎಂದಳು ಆಕೆ.

ಮನೆಗೆ ಓಡಿ ಬಂದು ಅತ್ತೆಗೆ ಹೇಳಿದೆ. ಅವಳು ನಂಬಲಿಲ್ಲ. ಮರುದಿನ ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಕಣ್ಣೀರು ಹಾಕುತ್ತಾಳೆಂದುಕೊಂಡಿದ್ದೆ. ಅವಳು ಬಗ್ಗಿ ನೀರು ನೋಡಿ, ಆ ಹೆಂಗಸಿನ ಕಡೆ ತಿರುಗಿ, "ಹಿಂಗ ನಿಲ್ಲಿಸಿದ್ರ ಸೊಳ್ಳಿ ಆಗ್ತಾವವಾ. ಎರಡ ದಿನಕ್ಕೊಮ್ಮಿ ಚೆಲ್ಲಿ ತಿಕ್ಕಬೇಕು," ಎಂದಳು.

"ನೀವ್ಯಾರ್ರಿ ಹೇಳೂದಕ್ಕ?"

ಅತ್ತೆ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ತೊಟ್ಟಿಗಿಳಿದಳು. ತೆಂಗಿನ ನಾರಿನಿಂದ ಪಾಚಿ ತಿಕ್ಕತೊಡಗಿದಳು. ಸ್ವಲ್ಪ ಹೊತ್ತು ನೋಡುತ್ತ ನಿಂತ ಆ ಹೆಂಗಸೂ ಇಳಿದಳು. ಕಾರಂಜಿ ಯಾರದೆಂದು ನಾನು ಹೇಳಲು ಹೋದರೆ ಅತ್ತೆ ಕಣ್ಣಿನಲ್ಲೇ ತಡೆದಳು.

ಅವರಿಬ್ಬರೂ ಹಾಗೆ ಎಷ್ಟೋ ವರ್ಷ ತಿಕ್ಕಿದರು. ಬೆಳಗಿನ ವಾಯುವಿಹಾರಕ್ಕೆ ಬರುವವರೂ ಒಂದೊಂದು ಬಾಟಲಿ ನೀರು ತರತೊಡಗಿದರು. ಹೋದ ವರ್ಷ, ಯಾರೂ ಕೇಳದಿದ್ದಾಗ, ಹೊಸ ಮೋಟರ್ ಬಂತು. ನೀರು ಚಿಮ್ಮಿದ ಸದ್ದಿಗೆ ಹಕ್ಕಿಗಳು ಹೆದರಿ ನಾಲ್ಕು ದಿನ ಹತ್ತಿರ ಸುಳಿಯಲಿಲ್ಲ. ಎಂಬತ್ತು ದಾಟಿದ ಅತ್ತೆ ಕೋಲೂರಿಕೊಂಡು ಹೋಗಿ, ಮೋಟರ್ ನೋಡಿಕೊಳ್ಳುವವನಿಗೆ, "ಸಂಜಿಗಷ್ಟ ಹಚ್ಚಪಾ. ಮುಂಜಾನಿ ಅವುಗಳ ಪಾಳಿ," ಎಂದಳು. ಅವನು ಒಪ್ಪಿದ. ಈಗ ಹಾಗೇ ನಡೆದಿದೆ.