ಗೆರ್ಹಾರ್ಡನ ಬಲಗಡೆಯ ಜಾಗ

ನಮ್ಮ ಕ್ರೈಸ್ತ ಪ್ರಾರ್ಥನಾ ಮನೆಗೆ ಈಗ ರೊಟ್ಟಿ ಸುಡುವವಳು ನಾನು, ಲೀದಾ. ಅದು ಚೆನ್ನಾಗಿ ಬರುವುದಿಲ್ಲ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ತಿಂಗಳ ಮೊದಲ ಭಾನುವಾರ ಕರ್ತನ ಭೋಜನದಲ್ಲಿ ಅವರು ಅಗಿಯುವುದನ್ನು ನೋಡಿದರೆ ಗೊತ್ತಾಗುತ್ತದೆ. ಮೂವತ್ತೊಂದು ವರ್ಷ ಆ ಕೆಲಸ ಮಾಡಿದವಳು ನನ್ನ ಪಕ್ಕದ ಮನೆಯ ಯುಸ್ತೀನಾ ವೀಬೆ. ಆಕೆಯ ರೊಟ್ಟಿ ಹತ್ತಿಯ ಹಾಗಿರುತ್ತಿತ್ತು. ಅಂಥವಳು ತಾನೇ ನಾದಿ ತಾನೇ ಸುಟ್ಟ ರೊಟ್ಟಿಯನ್ನು ಹನ್ನೊಂದು ತಿಂಗಳು ಬಾಯಿಗೆ ಹಾಕಲಿಲ್ಲ. ಯಾಕೆ ಅಂತ ನಾನು ಹೇಳಬೇಕು, ಏಕೆಂದರೆ ಅದರಲ್ಲಿ ನನ್ನ ಪಾಲೂ ಇದೆ.

ಕಿರ್ಗಿಜರ ನಾಡಿನ ನಮ್ಮ ಹಳ್ಳಿ ಕೋಕ್‌ಬುಲಾಕಿನಲ್ಲಿ ಒಂದು ಕಾಲಕ್ಕೆ ನಮ್ಮ ಸಭೆಯಲ್ಲಿ ಇನ್ನೂರು ಜನ ಇದ್ದರು, ಬಹುಪಾಲು ಅಜ್ಜಂದಿರ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿದ ಜರ್ಮನರು. ಯುಸ್ತೀನಾ ಸಾಮೂಹಿಕ ಕೃಷಿಯ ಹಾಲಿನ ಕೊಟ್ಟಿಗೆಯಲ್ಲಿ ದುಡಿಯುತ್ತಿದ್ದಳು. ಗಂಡ ಗೆರ್ಹಾರ್ಡ್ ಟ್ರಾಕ್ಟರ್ ರಿಪೇರಿ ಮಾಡುತ್ತಿದ್ದ. ಕಿರ್ಗಿಜ್ ಭಾಷೆಯನ್ನು ಕಿರ್ಗಿಜರಿಗಿಂತ ಚೆನ್ನಾಗಿ ಮಾತಾಡಿ, ಕುರಿ ಕಾಯುವವರನ್ನೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ. ಅವರಿಗೆ ಮಕ್ಕಳಿರಲಿಲ್ಲ. ಗಡಿ ತೆರೆದ ಮೇಲೆ ಒಂದೊಂದೇ ಕುಟುಂಬ ಜರ್ಮನಿಗೆ ಹೊರಟಿತು. ವಾರ ವಾರ ಬೀಳ್ಕೊಡುಗೆಯ ಹಾಡು ಹಾಡಿ ಹಾಡಿ ನಮಗೆ ಗಂಟಲು ಬತ್ತಿತು. ಜರ್ಮನಿಗೆ ಹೋಗಲು ಗೆರ್ಹಾರ್ಡನ ಕಾಗದಪತ್ರ ಬಂದ ಶರತ್ಕಾಲದಲ್ಲೇ ಅವನ ಎದೆಬಡಿತ ನಿಂತಿತು. ಯುಸ್ತೀನಾ ಅವನನ್ನು ಸ್ಮಶಾನದ ಗೋಡೆಗೆ ತಾಗಿದ ಜಾಗದಲ್ಲಿ ಮಣ್ಣು ಮಾಡಿ, ಕಾಗದಪತ್ರವನ್ನು ಒಲೆಗೆ ಹಾಕಿದಳು.

"ಹುಚ್ಚೀ, ಅಕ್ಕ-ತಂಗಿಯರೆಲ್ಲ ಅಲ್ಲಿದಾರೆ, ಇಲ್ಲಿ ಒಬ್ಳೇ ಏನ್ ಮಾಡ್ತೀಯ?" ಅಂತ ನಾನು ಬೈದೆ.

"ಅಲ್ಲಿ ಹೋಗಿ ಯಾರ ಪಕ್ಕ ಮಲಗಲಿ, ಲೀದಾ? ನನ್ ಜಾಗ ಅವನ ಬಲಗಡೆ ಇದೆ," ಅಂದಳು.

ಆ ಒಂದು ಜಾಗಕ್ಕಾಗಿ ಆಕೆ ಈ ದೇಶದಲ್ಲಿ ಉಳಿದಳು. ಇದನ್ನು ನೆನಪಿಟ್ಟುಕೊಳ್ಳಿ.

ಕೊನೆಯ ಜರ್ಮನ್ ಸಭಾಹಿರಿಯ ಪೇಟರ್ ಯಾಂಟ್ಸೆನ್ ಹೊರಡುವ ಮುಂಚೆ ಜೋಲ್ದೋಶನ ತಲೆಯ ಮೇಲೆ ಕೈಯಿಟ್ಟು ಅವನನ್ನು ಹಿರಿಯನನ್ನಾಗಿ ಮಾಡಿದ. ಜೋಲ್ದೋಶ್ ಕಿರ್ಗಿಜ್ ಹುಡುಗ, ವೆಲ್ಡಿಂಗ್ ಕೆಲಸದವನು, ಆಗ ಮೂವತ್ತೂ ತುಂಬಿರಲಿಲ್ಲ. ಅವನಿಗೆ ಸ್ತುತಿಗೀತೆಯ ಸ್ವರ ಕಲಿಸಿದವಳೇ ಯುಸ್ತೀನಾ. "ಸ್ವರ ಹಿಡಿಯೋಕೆ ಇನ್ನೂ ಬರಲ್ಲ, ಸಭೆ ಹಿಡೀತಾನಂತೆ" ಅಂತ ನನ್ನ ಕಿವಿಯಲ್ಲಿ ಗೊಣಗಿದಳು. ಆದರೆ ಕೈ ಎತ್ತಿ ಒಪ್ಪಿಗೆ ಕೊಟ್ಟವರಲ್ಲಿ ಮೊದಲಿಗಳು ಆಕೆಯೇ. ಮನೆಯಲ್ಲಿ ಅವನನ್ನು "ಲೋ" ಅನ್ನುತ್ತಿದ್ದಳು, ಪ್ರಾರ್ಥನಾ ಮನೆಯ ಹೊಸ್ತಿಲು ದಾಟಿದರೆ "ಸಹೋದರ ಜೋಲ್ದೋಶ್". ಅವನು ಎರಡು ಕಡೆಯೂ "ಅಪಾ" ಅನ್ನುತ್ತಿದ್ದ, ಹೆತ್ತ ತಾಯಿಯನ್ನು ಕರೆದ ಹಾಗೆ.

ಇನ್ನೂರರಲ್ಲಿ ಉಳಿದವರು ನಾವು ಹದಿನೇಳು ಜನ, ಮುಕ್ಕಾಲು ಪಾಲು ಕಿರ್ಗಿಜರು. ಯುಸ್ತೀನಾಳ ಬೆಂಚಿನಲ್ಲಿ ಬೂರುಲ್ ಬಂದು ಕೂತಳು. ಬೂರುಲ್ ವಿಧವೆ, ಮಾತು ಕಡಿಮೆ, ನಮ್ಮ ನಂಬಿಕೆಗೆ ಬಂದಳೆಂದು ಗಂಡುಮಕ್ಕಳು ಮಾತು ಬಿಟ್ಟಿದ್ದರು. ವರ್ಷಕ್ಕೊಮ್ಮೆ ನಾವು ಒಬ್ಬರ ಕಾಲನ್ನು ಒಬ್ಬರು ತೊಳೆಯುವ ದಿನ ಇಬ್ಬರೂ ಜೊತೆ. ಬೂರುಲ್ ಬೋಗುಣಿಯ ನೀರನ್ನು ಮೊಣಕೈಯಿಂದ ಮುಟ್ಟಿ ಬಿಸಿ ನೋಡಿ, ಆಮೇಲೆ ಯುಸ್ತೀನಾಳ ಊದಿದ ಪಾದ ಇಳಿಸುತ್ತಿದ್ದಳು.

ನಮ್ಮಲ್ಲಿ ಚಳಿಗೆ ಹೆಪ್ಪುಗಟ್ಟಿ ಜನವರಿಯ ಮಣ್ಣು ಕಬ್ಬಿಣ. ಹಾರೆ ಹಾಕಿದರೆ ಕಿಡಿ ಹಾರುತ್ತದೆ. ಹಾಗಾಗಿ ಎಪ್ಪತ್ತು ತುಂಬಿದವರಿಗೆ ಅಕ್ಟೋಬರಿನಲ್ಲೇ ಗುಂಡಿ ತೋಡಿ, ಹುಲ್ಲು ತುಂಬಿ, ಹಲಗೆ ಮುಚ್ಚಿಡುವುದು ನಮ್ಮ ಸಭೆಯ ಪದ್ಧತಿ. ಯುಸ್ತೀನಾ ತನ್ನ ಗುಂಡಿಯ ಹುಲ್ಲನ್ನು ವರ್ಷವರ್ಷವೂ ತಾನೇ ಬದಲಾಯಿಸುತ್ತಿದ್ದಳು. "ಎಲ್ಲಿಗೆ ಹೋಗಿದ್ದೆ?" ಅಂದರೆ "ಹಾಸಿಗೆ ಸರಿ ಮಾಡಿ ಬಂದೆ, ಗೆರ್ಹಾರ್ಡ್ ಗೊರಕೆ ಹೊಡೀತಿದ್ದ" ಅನ್ನುತ್ತಿದ್ದಳು.

ಒಂದು ಜನವರಿಯಲ್ಲಿ ಯುಸ್ತೀನಾ ಪಿತ್ತಕೋಶದ ಕಲ್ಲು ತೆಗೆಸಲು ತಲಾಸ್ ಪಟ್ಟಣದ ಆಸ್ಪತ್ರೆಯಲ್ಲಿದ್ದಳು. ಇಲ್ಲಿ ಬೂರುಲ್ ಹಸುವಿನ ಹಾಲು ಕರೆಯುತ್ತಾ ಕೂತಲ್ಲೇ ಸತ್ತಳು. ಊರ ಮುಸ್ಲಿಂ ಹಿರಿಯರು ಅವಳನ್ನು ತಮ್ಮ ಸ್ಮಶಾನಕ್ಕೆ ಬಿಡಲಿಲ್ಲ. ಕೆಟ್ಟ ಜನ ಅಲ್ಲ, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೋರ್ಸೋಕ್ ಕಳಿಸಿದರು, ಹೆಂಗಸರು ಬಂದು ಅತ್ತರು. ಆದರೆ ಧರ್ಮ ಬಿಟ್ಟವಳನ್ನು ಅಜ್ಜಂದಿರ ಪಕ್ಕ ಇಡುವುದಿಲ್ಲ ಅಂದರೆ ಇಡುವುದಿಲ್ಲ. ನಮ್ಮ ಸ್ಮಶಾನದಲ್ಲಿ ಗಂಡಸರು ಒಂದು ದಿನವಿಡೀ ಅಗೆದರು, ಮೊಣಕಾಲುದ್ದ ಆಳವೂ ಆಗಲಿಲ್ಲ. ಬೂರುಲ್ ಎರಡು ದಿನ ನಮ್ಮ ಕಲ್ಲಿದ್ದಲಿನ ಕೊಟ್ಟಿಗೆಯಲ್ಲಿ ಗಾಡಿಯ ಮೇಲೆ ಮಲಗಿದ್ದಳು. ತೋಡಿ ಸಿದ್ಧವಿದ್ದ ಗುಂಡಿ ಇದ್ದದ್ದು ಒಂದೇ.

"ಆಸ್ಪತ್ರೆಗೆ ಫೋನ್ ಮಾಡಿ ಕೇಳು," ಅಂತ ನಾನು ಜೋಲ್ದೋಶನಿಗೆ ಹೇಳಿದೆ.

ಅವನು ಹೊರಗೆ ಹೋಗಿ ಬಂದ. "ಲೈನ್ ಸಿಗ್ತಿಲ್ಲ, ಲೀದಾ ಅಪಾ."

ಅವನ ಫೋನು ಕಿಟಕಿಯ ಮೇಲೆ, ನನ್ನ ಕಣ್ಣೆದುರಿಗೇ ಇತ್ತು. ನಾನು ನೋಡಿದೆ, ನೋಡದ ಹಾಗೆ ಇದ್ದೆ. ಆಮೇಲೆ ಹಲಗೆ ಸರಿಸಿ ಹುಲ್ಲು ಎಳೆದು ತೆಗೆದವರಲ್ಲಿ ನಾನೂ ಒಬ್ಬಳು. ದೇವರು ನನ್ನನ್ನು ಕ್ಷಮಿಸಲಿ, ಹುಲ್ಲು ಒಳ್ಳೆ ಒಣಗಿದೆ, ಹಸುವಿಗೆ ಆಗುತ್ತೆ ಅಂತ ಯೋಚಿಸಿ ಮನೆಗೆ ಒಯ್ದದ್ದೂ ಹೌದು.

ಯುಸ್ತೀನಾ ಬಸ್ಸಿಳಿದವಳು ಮನೆಗೆ ಹೋಗುವ ಮುಂಚೆ ಗೆರ್ಹಾರ್ಡನ ಸಮಾಧಿಯ ಹತ್ತಿರ ಹೋದಳು. ಯಾರೂ ಆಕೆಗೆ ಹೇಳಿರಲಿಲ್ಲ. ಅದು ನಮ್ಮ ಎರಡನೇ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ತಿರುಗಿ ಬಂದು ನಮ್ಮ ಬೇಲಿಯ ಹತ್ತಿರ ನಿಂತಳು. ಕೈಯಲ್ಲಿ ಆಸ್ಪತ್ರೆಯ ಚೀಲ ಹಾಗೇ ಇತ್ತು.

"ಅದು ಯಾರು, ಲೀದಾ?"

"ಬೂರುಲ್."

ಆಕೆ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಆಮೇಲೆ, "ಅವಳು ಸತ್ತಿದ್ದೂ ನಂಗೆ ಗೊತ್ತಿಲ್ಲ," ಅಂದು ಒಳಗೆ ಹೋದಳು.

ಕರ್ತನ ಭೋಜನಕ್ಕೆ ಮುಂಚೆ ಹಿರಿಯ ಎದ್ದು ನಿಂತು, "ನಿಮ್ಮ ನಿಮ್ಮೊಳಗೆ ಸಮಾಧಾನ ಇದೆಯೇ?" ಅಂತ ಕೇಳುತ್ತಾನೆ. ಒಬ್ಬೊಬ್ಬರೇ "ಇದೆ" ಅನ್ನುತ್ತೇವೆ. ಇಲ್ಲದವರು ಸುಮ್ಮನಿರುತ್ತಾರೆ, ತಟ್ಟೆ ಅವರನ್ನು ದಾಟಿ ಹೋಗುತ್ತದೆ. ಯಾಕೆ ಅಂತ ಮೂರನೆಯವರು ಕೇಳುವ ಹಾಗಿಲ್ಲ. ಫೆಬ್ರವರಿಯ ಮೊದಲ ಭಾನುವಾರ ಯುಸ್ತೀನಾ ಬೆಳಿಗ್ಗೆ ಬಂದು ಒಲೆ ಹೊತ್ತಿಸಿದಳು, ಬಿಸಿ ಬಿಸಿ ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟಳು. ಸರದಿ ಬಂದಾಗ ಮಾತಾಡಲಿಲ್ಲ. ಜೋಲ್ದೋಶನ ಕಿವಿ ಕೆಂಪಾಯಿತು. ತಟ್ಟೆ ದಾಟಿತು.

ಮಾರ್ಚಿನಲ್ಲೂ ಹಾಗೇ. ಏಪ್ರಿಲಿನಲ್ಲಿ ಕಾಲು ತೊಳೆಯುವ ದಿನ ಬಂತು. ನನಗೆ ನನ್ನ ಜೊತೆಗಾತಿ ಇದ್ದಳು, ಎಲ್ಲರಿಗೂ ಇದ್ದರು. ಯುಸ್ತೀನಾ ಒಬ್ಬಳೇ ಬೋಗುಣಿ ಮುಂದಿಟ್ಟುಕೊಂಡು, ಕಾಲುಚೀಲ ಕಳಚಿ ಕೂತಳು. ನೀರಿಗೆ ಮೊಣಕೈ ತಾಗಿಸಿ ಬಿಸಿ ನೋಡಿದಳು. ನಾನು ಎದ್ದು ಹೋಗಬೇಕಿತ್ತು. ಹುಲ್ಲು ಎಳೆದ ಕೈ ಇದು, ಈ ಕೈಯಲ್ಲಿ ಆ ಪಾದ ಮುಟ್ಟುವುದು ಹೇಗೆ ಅಂತ ಕೂತೇ ಬಿಟ್ಟೆ. ನೀರು ತಣ್ಣಗಾದ ಮೇಲೆ ಆಕೆ ತಾನೇ ಒಯ್ದು ಏಪ್ರಿಕಾಟ್ ಗಿಡಕ್ಕೆ ಚೆಲ್ಲಿದಳು.

ಮೇ ತಿಂಗಳಲ್ಲಿ ನನಗೆ ತಡೆಯಲಾಗಲಿಲ್ಲ. ಆಕೆಯ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ, "ನಗರದ ದೊಡ್ಡ ಹಿರಿಯರಿಗೆ ನಾನೇ ಒಂದು ಪತ್ರ ಹಾಕ್ತೀನಿ. ಬಂದು ಅವನ ಕಿವಿ ಹಿಂಡ್ಲಿ. ಲೈನ್ ಸಿಗಲಿಲ್ಲ ಅಂತ ಸುಳ್ಳು ಬೇರೆ ಹೇಳಿದ," ಅಂದೆ. ಅಂದವಳೇ ನಾಲಿಗೆ ಕಚ್ಚಿಕೊಂಡೆ.

ಯುಸ್ತೀನಾ ಲೋಟ ಕೆಳಗಿಟ್ಟಳು. "ಫೋನ್ ಮಾಡೇ ಇಲ್ವಾ?"

"ಇಲ್ಲ."

ನಾನು ಹೆದರಿದೆ. ಆದರೆ ಆಕೆ ಹೇಳಿದ್ದು ಇಷ್ಟು: "ಪತ್ರ ಗಿತ್ರ ಏನೂ ಬೇಡ. ಅವನ ತಲೆ ಮೇಲೆ ಕೈ ಇಟ್ಟಿದ್ದು ಸಭೆ, ನಾನೂ ಕೈ ಎತ್ತಿದೀನಿ. ನನ್ ಜಗಳ ನಂದು, ಲೀದಾ. ಅವನ ಹೆಸರು ಕೆಡಿಸಿದ್ರೆ ಈ ಹದಿನಾರು ಜನನೂ ಚೆಲ್ಲಾಪಿಲ್ಲಿ ಆಗ್ತಾರೆ. ಆಮೇಲೆ ನಾನ್ಯಾರಿಗೆ ರೊಟ್ಟಿ ಸುಡಲಿ?"

"ಹಾಗಾದ್ರೆ ಹೊಟ್ಟೆಗೆ ಹಾಕ್ಕೊಂಡುಬಿಡು ಮಾರಾಯ್ತಿ."

"ಹೊಟ್ಟೆಗೆ ಹೋಗ್ತಿಲ್ಲ. ಹೋಗದೇ ಇದ್ದಾಗ ಹೋಯ್ತು ಅಂತ ದೇವರ ಮೇಜಿನ ಮುಂದೆ ಹೇಗೆ ಹೇಳಲಿ?"

ಆ ಬೇಸಿಗೆ ಆಕೆ ನನ್ನ ಮನೆಗೆ ಬರುವುದನ್ನೂ ಬಿಟ್ಟಳು. ಸಂಜೆ ಬೆಂಚಿನ ಮೇಲೆ ಒಬ್ಬಳೇ ಕೂತು ನಾಲ್ಕು ಧ್ವನಿಯಲ್ಲಿ ಹಾಡುವ ಜರ್ಮನ್ ಹಾಡಿನ ಒಂದೇ ಧ್ವನಿಯ ಪಾಲನ್ನು ಹಾಡಿಕೊಳ್ಳುತ್ತಿದ್ದಳು. ಉಳಿದ ಮೂರು ಧ್ವನಿಗಳು ಜರ್ಮನಿಯಲ್ಲಿದ್ದವು. ಬೇಲಿಯ ಈಚೆ ಕೂತು ನಾನು ಕೇಳುತ್ತಿದ್ದೆ.

ಅಕ್ಟೋಬರಿನಲ್ಲಿ ಜೋಲ್ದೋಶ್ ಒಬ್ಬನೇ ಹೋಗಿ, ಬೂರುಲಳ ಬಲಗಡೆ ಯುಸ್ತೀನಾಗೆ ಹೊಸ ಗುಂಡಿ ತೋಡಿ ಹಲಗೆ ಮುಚ್ಚಿದ. ಆಕೆಗೆ ಹೇಳಲಿಲ್ಲ, ಆಕೆಯ ಮನೆ ಕಡೆ ಮುಖ ಹಾಕಲೂ ಇಲ್ಲ. ಆಕೆ ಹೋಗಿ ನೋಡಿ, ಹುಲ್ಲು ತುಂಬಿ ಬಂದಳು. ಗಂಡ-ಹೆಂಡಿರ ನಡುವೆ ಬೂರುಲ್ ಮಲಗಿದ ಹಾಗಾಯಿತು. ನವೆಂಬರಿನಲ್ಲೂ ಡಿಸೆಂಬರಿನಲ್ಲೂ ತಟ್ಟೆ ಆಕೆಯನ್ನು ದಾಟಿಯೇ ಹೋಯಿತು.

ಡಿಸೆಂಬರ್ ಕೊನೆಯಲ್ಲಿ ನಮ್ಮ ಮುದುಕ ಶಾರ್ಶೆನ್ ತೀರಿಕೊಂಡ. ಕಿರ್ಗಿಜರವನೇ, ಮೊದಲು ಕುರಿ ಕಾಯುತ್ತಿದ್ದವನು. ಎಪ್ಪತ್ತಾಗಲು ಎರಡು ವರ್ಷ ಬಾಕಿ, ಹಾಗಾಗಿ ಅವನಿಗೆ ಗುಂಡಿ ತೋಡಿರಲಿಲ್ಲ. ಮತ್ತೆ ಅದೇ ಕತೆ: ಊರವರು ಒಪ್ಪಲಿಲ್ಲ, ಹಾರೆ ಇಳಿಯಲಿಲ್ಲ.

ಅಂದು ಮಧ್ಯಾಹ್ನ ನಾನು ಯುಸ್ತೀನಾಳ ಅಂಗಳದಲ್ಲಿ ಹಿಮ ಗುಡಿಸುತ್ತಿದ್ದೆ. ಆಕೆಗೆ ಆಗಲೇ ಕೋಲಿಲ್ಲದೆ ನಡೆಯಲು ಆಗುತ್ತಿರಲಿಲ್ಲ. ಜೋಲ್ದೋಶ್ ಬಂದು ಬಾಗಿಲಲ್ಲಿ ಟೊಪ್ಪಿ ತೆಗೆದು ನಿಂತ. ಬಾಗಿಲು ತೆರೆದ ಯುಸ್ತೀನಾ ಅವನನ್ನೇ ನೋಡಿದಳು. ಅವನ ಕೂದಲ ಮೇಲೆ ಹಿಮ ಬೀಳುತ್ತಿತ್ತು.

"ಏನು?" ಅಂದಳು.

"ಶಾರ್ಶೆನ್ ಹೋದ್ರು, ಅಪಾ."

"ಗೊತ್ತು. ಅದಕ್ಕೆ?"

ಅವನು ಟೊಪ್ಪಿ ತಿರುಗಿಸುತ್ತಾ ನಿಂತ.

"ಕೇಳೋ," ಅಂದಳು. "ಬಾಯಿಬಿಟ್ಟು ಕೇಳು. ಹನ್ನೊಂದು ತಿಂಗಳಿಂದ ಕಾಯ್ತಿದೀನಿ."

"ಅಪಾ, ನಿಮ್ ಜಾಗ ಶಾರ್ಶೆನ್‌ಗೆ ಕೊಡ್ತೀರಾ?"

"ಹೋದ ಸಲ ಯಾಕೆ ಕೇಳ್ಲಿಲ್ಲ?"

"ಲೈನ್..." ಅಂದವನು ನಿಲ್ಲಿಸಿದ. ನನ್ನ ಕಡೆ ಒಮ್ಮೆ ನೋಡಿದ. "ಇಲ್ಲ. ಫೋನ್ ಮಾಡಲೇ ಇಲ್ಲ. ನೀವು ಬೇಡ ಅಂತೀರಿ ಅಂತ ಹೆದರಿಕೆ ಆಯ್ತು. ನೀವು ಬೇಡ ಅಂದ್ಮೇಲೆ ತಗೊಳ್ಳೋಕೆ ಆಗ್ತಿರಲಿಲ್ಲ. ಬೂರುಲ್ ಅಕ್ಕನ್ನ ಗಾಡಿ ಮೇಲೆ ನೋಡೋಕೂ ಆಗ್ತಿರಲಿಲ್ಲ. ಸಭೆ ಮುಂದೆ ಸುಳ್ಳು ಹೇಳ್ದೆ. ಅವತ್ತಿಂದ ಸಮಾಧಾನ ಇದೆಯಾ ಅಂತ ಕೇಳುವಾಗೆಲ್ಲ ನಂಗೇ ಇರ್ಲಿಲ್ಲ, ಅಪಾ."

ಯುಸ್ತೀನಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಬೇಡ ಅಂತಾನೇ ಅಂತಿದ್ದೆ," ಅಂದಳು. "ಅದೇ ನನ್ನ ಸುಡ್ತಿರೋದು. ನನ್ ಕಾಲು ತೊಳೆದವಳು ಗಾಡಿ ಮೇಲೆ ಬಿದ್ದಿದ್ರೂ ನಾನು ಬೇಡ ಅಂತಿದ್ದೆ. ನಿನ್ನ ಮೇಲೆ ಸಿಟ್ಟು ಮಾಡ್ಕೊಂಡು ಕೂತ್ರೆ ಅದನ್ನ ನೋಡೋದು ತಪ್ಪುತ್ತಲ್ಲ."

ಆಕೆ ಅಳುತ್ತಿದ್ದಳು. ಗೆರ್ಹಾರ್ಡ್ ಸತ್ತಾಗಲೂ ನಾನು ಆಕೆ ಅತ್ತದ್ದನ್ನು ನೋಡಿರಲಿಲ್ಲ. ನಾನು ಪೊರಕೆ ಹಿಡಿದು, ಏನು ಮಾಡಬೇಕೆಂದು ತೋಚದೆ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ.

"ತಗೊಳ್ಳಿ, ಸಹೋದರ ಜೋಲ್ದೋಶ್," ಅಂದಳು. ಮನೆಯ ಬಾಗಿಲಲ್ಲಿ ನಿಂತು ಅವನನ್ನು ಹಾಗೆ ಕರೆದದ್ದು ಅದೇ ಮೊದಲು. "ಹುಲ್ಲು ಲೀದಾಗೆ ಕೊಡಿ. ಅವಳ ಹಸುಗೆ ರುಚಿ ಹತ್ತಿದೆ."

ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆಕೆಗೆ ಎಲ್ಲ ತಿಳಿದಿತ್ತು.

ಜನವರಿಯ ಮೊದಲ ಭಾನುವಾರ ಜೋಲ್ದೋಶ್ ಪ್ರಶ್ನೆ ಕೇಳುವ ಮುಂಚೆ, ಲೈನಿನ ಸುಳ್ಳನ್ನು ಎಲ್ಲರೆದುರು ಹೇಳಿ ಕ್ಷಮೆ ಬೇಡಿದ. ನಾನೂ ಎದ್ದು ನನ್ನ ಪಾಲು ಹೇಳಿದೆ. ಯುಸ್ತೀನಾಳ ಸರದಿ ಬಂದಾಗ ಕೋಲು ಊರಿ ನಿಂತು, "ಇದೆ," ಅಂದಳು. ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡವಳು ನನ್ನ ಕಡೆ ಬಾಗಿ, "ಉಪ್ಪು ಕಡಿಮೆ ಆಗಿದೆ, ಇಷ್ಟು ತಿಂಗಳು ಯಾರೂ ಹೇಳ್ಲಿಲ್ಲ ನೋಡು," ಅಂದಳು.

ಅಷ್ಟಕ್ಕೆ ಒಂಟಿತನ ಹೋಯಿತು ಅಂದರೆ ಸುಳ್ಳಾಗುತ್ತದೆ. ಸಂಜೆ ಕಿಟಕಿಯ ಹಿಂದೆ ಅದೇ ಒಂಟಿ ಧ್ವನಿ ಕೇಳುತ್ತಿತ್ತು. ಆಕೆ ಸೊರಗುತ್ತಾ ಬಂದಳು, ಆದರೂ ಹಿಮ ಇರುವವರೆಗೆ ಹಟ ಹಿಡಿದವಳಂತೆ ಜೀವ ಹಿಡಿದುಕೊಂಡಿದ್ದಳು. ಮಾರ್ಚ್ ಇಪ್ಪತ್ತರ ಹೊತ್ತಿಗೆ ಸೂರಿನಿಂದ ನೀರು ತೊಟ್ಟಿಕ್ಕತೊಡಗಿತು. ನೆಲ ಮೆತ್ತಗಾಯಿತಾ ಅಂತ ಎರಡು ಸಲ ಕೇಳಿದಳು. ಆಯ್ತು ಅಂದೆ. ಮಾರನೆಯ ಬೆಳಿಗ್ಗೆ ಹೋದಳು.

ಜೋಲ್ದೋಶ್ ಶಾರ್ಶೆನನ ಬಲಗಡೆ ಆಕೆಗೆ ಜಾಗ ತೋಡಿದ. ಗೆರ್ಹಾರ್ಡನಿಂದ ಆಕೆಯವರೆಗೆ ಎಂಟು ಹೆಜ್ಜೆ, ನಾನು ನಡೆದು ನೋಡಿದ್ದೇನೆ. ನಡುವೆ ಬೂರುಲ್ ಮತ್ತು ಶಾರ್ಶೆನ್ ಇದ್ದಾರೆ. ಇಡೀ ಬದುಕನ್ನು ಆ ಪಕ್ಕದ ಜಾಗಕ್ಕೆ ಇಟ್ಟವಳು ಎಂಟು ಹೆಜ್ಜೆ ದೂರದಲ್ಲಿ ಮಲಗಿದ್ದಾಳೆ.

ಈ ಅಕ್ಟೋಬರಿಗೆ ನನಗೆ ಎಪ್ಪತ್ತು ತುಂಬಿತು. ಜೋಲ್ದೋಶ್ ಗುದ್ದಲಿ ಹೆಗಲಿಗಿಟ್ಟುಕೊಂಡು ಬೇಲಿಯ ಹತ್ತಿರ ಬಂದು, "ಲೀದಾ ಅಪಾ, ನಿಮಗೆ ಎಲ್ಲಿ ಬೇಕು?" ಅಂತ ಕೇಳಿದ.

"ಯುಸ್ತೀನಾ ಪಕ್ಕ. ಈ ಚಳಿಗಾಲದಲ್ಲಿ ಬೇರೆ ಯಾರಿಗಾದ್ರೂ ಬೇಕಾದ್ರೆ ಬಂದು ಕೇಳು," ಅಂದೆ.

"ಕೇಳ್ತೀನಿ."

ಕೇಳಿದರೆ ನಾನು ಏನು ಹೇಳುತ್ತೇನೋ ನನಗೆ ಗೊತ್ತಿಲ್ಲ. ಹುಲ್ಲನ್ನು ಮಾತ್ರ ನಾನೇ ಹೋಗಿ ತುಂಬಿ ಬಂದಿದ್ದೇನೆ.