ಮೂರು ಅಂಕಿಗೊಂದು ಉಸಿರು

ಮೇಷ್ಟ್ರು ಸತ್ತ ಮೂರನೇ ವಾರ ಅವರ ಹೆಂಡತಿ ಮುಂದಿನ ಕೋಣೆಯ ಬಾಗಿಲು ತೆಗೆದಳು. ಅಬಾಕಸ್ಸಿನ ಮಣಿ ಸರಿಸಿ ಲೆಕ್ಕ ಕಲಿಯುವ ಒಂಬತ್ತು ಪುಟ್ಟ ಮಕ್ಕಳು ಬಂದು ಚಾಪೆಯ ಮೇಲೆ ಕೂತರು. ಅವಳು ಮೇಷ್ಟ್ರ ಕುರ್ಚಿಯಲ್ಲಿ ಕೂತಳು. ಏನೂ ಅನಿಸಲಿಲ್ಲ.

ಅವಳು ನಾಲ್ಕನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವಳು. ಇಷ್ಟು ವರ್ಷ ಚಾಪೆ ಹಾಸಿದ್ದಳು, ಕಿತ್ತ ಮಣಿ ಪೋಣಿಸಿದ್ದಳು, ಮಕ್ಕಳ ಮೂಗು ಒರೆಸಿದ್ದಳು. ಲೆಕ್ಕ ಮಾತ್ರ ಮೇಷ್ಟ್ರದು.

"ಅತ್ತಿಗೆ, ಮೆಟ್ಟಿಲೆಣಿಸೋಕೂ ಬೆರಳು ಮಡಚೋರು ನೀವು. ನೀವು ಪಾಠ ಮಾಡ್ತೀರಾ?" ಎಂದಳು ನಾದಿನಿ.

"ಅಂಕಿ ಓದೋಕೆ ಬರುತ್ತೆ. ಉತ್ತರ ಪುಸ್ತಕದ ಹಿಂದೆ ಇದೆ."

ಮುಖ್ಯ ಕೇಂದ್ರದ ಮೇಡಂ ಒಂದು ತಿಂಗಳು ಕೊಟ್ಟಿದ್ದರು. ಪರೀಕ್ಷೆಯಲ್ಲಿ ಆರು ಮಕ್ಕಳು ಪಾಸಾದರೆ ಕ್ಲಾಸು ಅವಳದು. ಇಲ್ಲದಿದ್ದರೆ ಮಕ್ಕಳು ಬೇರೆ ಕಡೆಗೆ. ಕ್ಲಾಸು ಹೋದರೆ ಸಂಜೆ ನಾಲ್ಕರಿಂದ ಆರರವರೆಗೆ ಏನು ಮಾಡುವುದೆಂದು ಅವಳಿಗೆ ತಿಳಿದಿರಲಿಲ್ಲ.

ಪುಸ್ತಕ ತೆರೆದು ಓದಿದಳು. "ಐದು, ಕೂಡು ಮೂರು, ಕಳೆ ಎರಡು, ಕೂಡು ಒಂಬತ್ತು..." ಮೂರನೇ ಅಂಕಿಗೆ ಎಲ್ಲರ ಬೆರಳೂ ನಿಂತುಬಿಟ್ಟವು. ಆಮೇಲಿನದೆಲ್ಲ ನೀರಿನಲ್ಲಿ ಹೋಮ. ಒಂದು ಉತ್ತರವೂ ಸರಿಯಿಲ್ಲ.

"ಆಂಟಿ, ನೀವು ಉಸಿರೇ ತಗೊಳ್ಳಲ್ಲ," ಎಂದಳು ಎಲ್ಲರೂ ಬಾಯಿಬಡುಕಿ ಎನ್ನುವ ಹುಡುಗಿ. "ಮೇಷ್ಟ್ರು ಮೂರು ಅಂಕಿ ಹೇಳಿ ಉಸಿರು ಎಳ್ಕೊಳ್ತಿದ್ರು. ಅಷ್ಟರಲ್ಲಿ ನಾವು ಮಣಿ ಸರಿಮಾಡ್ಕೊಳ್ತಿದ್ವಿ."

ಕೊನೆಯ ಎರಡು ವರ್ಷ ಮೇಷ್ಟ್ರ ಶ್ವಾಸಕೋಶ ಕೈಕೊಟ್ಟಿತ್ತು. ಈ ಮಕ್ಕಳು ಅವರ ಕಾಯಿಲೆಯ ಜೊತೆಗೇ ಲೆಕ್ಕ ಕಲಿತಿದ್ದವು.

ಆ ಉಸಿರು ಎಷ್ಟುದ್ದ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪಕ್ಕದಲ್ಲೇ ಮಲಗಿದವಳು. ಮೂರು ಅಂಕಿ ಓದಿ, ಅಷ್ಟು ಹೊತ್ತು ತಡೆದು, ಮತ್ತೆ ಮೂರು ಓದಿದಳು. ಒಂಬತ್ತೂ ಮಕ್ಕಳ ಉತ್ತರ ಸರಿ ಬಂತು. ಒಂದು ವಾರ ಹಾಗೇ ನಡೆಯಿತು. ಗೋಡೆಯಾಚೆಯಿಂದ ಕೇಳಿದವರಿಗೆ ಮೇಷ್ಟ್ರೇ ಓದಿಸುತ್ತಿದ್ದಾರೆ ಅನಿಸಬೇಕು, ಹಾಗೆ.

ಆಮೇಲೆ ಮೇಡಂ ಫೋನಿಗೆ ಹಳೆಯ ಪರೀಕ್ಷೆಯೊಂದನ್ನು ಕಳಿಸಿದರು. ಪರೀಕ್ಷೆಯಲ್ಲಿ ಅಂಕಿ ಹೇಳುವುದು ರೆಕಾರ್ಡ್ ಮಾಡಿದ ದನಿ. ಅದು ಎಲ್ಲೂ ನಿಲ್ಲುವುದಿಲ್ಲ. ಹಾಕಿ ಕೇಳಿಸಿದಳು. ಇಬ್ಬರದು ಮಾತ್ರ ಸರಿಯಾಯಿತು.

ಮರುದಿನದಿಂದ ತಡೆಯುವುದನ್ನು ಕಡಿಮೆ ಮಾಡಿದಳು. ಮೊದಲು ಅರ್ಧ ಉಸಿರು. ನಾಲ್ಕು ದಿನ ಬಿಟ್ಟು ಕಾಲು. ಆಮೇಲೆ ಕಣ್ಣು ಮಿಟುಕಿಸುವಷ್ಟು.

"ಆಂಟಿ, ಮೇಷ್ಟ್ರ ಥರ ಓದಿ," ಎಂದು ಮಕ್ಕಳು ರಾಗ ಎಳೆದವು.

"ಮೇಷ್ಟ್ರಿಲ್ಲ. ಬೆರಳು ಇಡ್ರಿ."

ನಾದಿನಿ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಅಣ್ಣನದು ಅಂತ ಅಷ್ಟಾದ್ರೂ ಉಳಿದಿತ್ತು. ಅದನ್ನೂ ಕತ್ತರಿಸ್ತಿದ್ದೀರಲ್ಲ ಅತ್ತಿಗೆ. ನಿಮ್ದು ಕಲ್ಲೆದೆ."

"ಪರೀಕ್ಷೆಯ ಮೆಷಿನ್ನು ನಿಮ್ಮಣ್ಣನಿಗೋಸ್ಕರ ಕಾಯುತ್ತಾ?"

ನಾದಿನಿ ಎರಡು ದಿನ ಆ ಬಾಗಿಲ ಕಡೆ ಸುಳಿಯಲಿಲ್ಲ. ಅತ್ತಿಗೆ ಅದನ್ನು ಗಮನಿಸಿದ್ದು ಮೂರನೇ ದಿನ.

ಪರೀಕ್ಷೆಯ ದಿನ ಮೇಡಂ ಬಂದು ಅದೇ ಕೋಣೆಯಲ್ಲಿ ರೆಕಾರ್ಡ್ ಹಾಕಿದರು. ಅವಳು ಗೋಡೆಗೊರಗಿ ಮಕ್ಕಳ ಬೆರಳನ್ನೇ ನೋಡಿದಳು. ಮೂರನೇ ಅಂಕಿ ಬಂತು, ಹೋಯಿತು. ನಾಲ್ಕನೆಯದೂ ಹೋಯಿತು. ಬಾಯಿಬಡುಕಿಯ ಬೆರಳು ಓಡುತ್ತಲೇ ಇತ್ತು. ಕೊನೆಯ ಸಾಲಿನ ಅವಳಿ ಮಕ್ಕಳು ಮಾತ್ರ ಬೆರಳು ಎತ್ತಿ ಹಿಡಿದು ಕಾದವು. ಲೆಕ್ಕ ಅವರನ್ನು ಬಿಟ್ಟು ಮುಂದೆ ಹೋಯಿತು.

ಏಳು ಮಕ್ಕಳು ಪಾಸು. "ಇನ್ನು ಕ್ಲಾಸು ನಿಮ್ಮದೇ ಕಣ್ರೀ," ಎಂದು ಮೇಡಂ ಕೈ ಕುಲುಕಿದರು. ಅವಳು ಕುಲುಕಿಸಿಕೊಂಡಳು.

ಉಳಿದವರೆಲ್ಲ ಹೋದ ಮೇಲೂ ಅವಳಿ ಮಕ್ಕಳು ಮುಖ ಊದಿಸಿಕೊಂಡು ಚಪ್ಪಲಿ ಹುಡುಕುತ್ತಿದ್ದವು. ಅವಳು ಬಾಗಿಲಿಗೆ ಬಂದಳು.

"ನಾಳೆ ಅರ್ಧ ಗಂಟೆ ಮುಂಚೆ ಬನ್ರಿ. ನಿಮ್ಮಿಬ್ಬರಿಗೆ ಮೇಷ್ಟ್ರ ಥರ ಓದ್ತೀನಿ."

"ಎಷ್ಟು ದಿನ ಆಂಟಿ?"

"ನೀವಾಗೇ ಆ ಉಸಿರಿಗೆ ಕಾಯೋದು ಬಿಡೋವರೆಗೆ," ಎಂದು ಚಾಪೆ ಸುತ್ತಲು ಹೋದಳು.